ಹಳೆಯ ಆಲ್ಟೊ ಕಾರಿಗೆ ಅಗ್ಗದ ದಾರಿತೋರುಕ: ತಂತಿ ಕಾಣದಂತೆ ಕೂರಿಸಿದ ಅನುಭವ

ಕಳೆದ ವಾರ ನಮ್ಮ 2014ರ ಆಲ್ಟೊ 800 ಕಾರಿನ ಡ್ಯಾಶ್‌ಬೋರ್ಡನ್ನು ಕೊನೆಯ ಬಾರಿಗೆ ಬಿಚ್ಚಿ ಮುಚ್ಚಿದೆ. ಈಗ ಕೀಲಿ ತಿರುಗಿಸಿದ ಕೂಡಲೇ ಸ್ಟಿಯರಿಂಗಿನ ಎಡಕ್ಕೆ, ನಡುವಿನ ಎ.ಸಿ. ಕಿಂಡಿಯ ಮುಂದೆ ಕುಳಿತಿರುವ ಹಳೆಯ ಮೊಬೈಲ್ ತಾನಾಗಿ ಬೆಳಗುತ್ತದೆ, ನಕ್ಷೆ ತೆರೆದುಕೊಳ್ಳುತ್ತದೆ. ಕೀಲಿ ತೆಗೆದರೆ ಆರುತ್ತದೆ. ಹೊರಗೆ ಒಂದು ತಂತಿಯೂ ಜೋತಾಡುವುದಿಲ್ಲ. ಡ್ಯಾಶ್‌ಬೋರ್ಡಿಗೆ ತೂತು ಕೊರೆದಿಲ್ಲ, ಕಾರಿನ ಮೂಲ ವೈರಿಂಗಿನ ಒಂದು ಎಳೆಯನ್ನೂ ಕತ್ತರಿಸಿಲ್ಲ. ಯುಗಾದಿಯ ಹೊತ್ತಿಗೆ ಕೈಹಾಕಿದ ಕೆಲಸ ಮುಗಿಯುವಾಗ ಮಳೆಗಾಲ ಹಿಡಿದಿತ್ತು. ಇದೇ ಕೆಲಸಕ್ಕೆ ಇಳಿಯುವವರಿಗೆ ಇಷ್ಟು ಕಾಲ ಹಿಡಿಯಬಾರದು, ಇಷ್ಟು ಅಲೆದಾಟವೂ ಬೇಡ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನಲ್ಲಿ, ಬಂಧುಬಳಗವೆಲ್ಲ ತೀರ್ಥಹಳ್ಳಿಯ ಆಚೆ ಆಗುಂಬೆಯ ದಿಕ್ಕಿನಲ್ಲಿ. ಶಿವಮೊಗ್ಗದವರೆಗೆ ಯಾರ ನೆರವೂ ಬೇಡ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಕಡೆಗೆ ಹೋಗುತ್ತಿದ್ದಂತೆ ಮೊಬೈಲಿನ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಎಷ್ಟೋ ಕಡೆ ಪೂರ್ತಿ ನಿಂತೇ ಹೋಗುತ್ತದೆ. ಮಲೆನಾಡಿನಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಕೇರಿಯಲ್ಲ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಗದ್ದೆಯ ಆಚೆ. ರಾತ್ರಿ ಮದುವೆ ಮನೆಗೆ ಹೊರಟರೆ ದಾರಿ ಕೇಳಲು ಮನುಷ್ಯರು ಸಿಗುವುದಿಲ್ಲ. ಮನೆಯವರು ಪಕ್ಕದಲ್ಲಿ ಕುಳಿತು ಮೊಬೈಲನ್ನು ಕೈಯಲ್ಲಿ ಹಿಡಿದು, ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ ಎನ್ನುವುದರೊಳಗೆ ತಿರುವು ಹಿಂದೆ ಉಳಿದಿರುತ್ತಿತ್ತು.

ಒಂದು ವಿಷಯವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು, ಏಕೆಂದರೆ ನಾನು ಮಾತಾಡಿಸಿದ ಅಂಗಡಿಯವರಲ್ಲೇ ಅನೇಕರಿಗೆ ಇದು ಗೊತ್ತಿರಲಿಲ್ಲ. ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ, ಸಿಮ್ ಕೂಡ ಬೇಡ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಫೋನ್ ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯನ್ನು ಇಳಿಸಿಕೊಳ್ಳುವುದಕ್ಕೆ. ನಕ್ಷೆ ಮೊದಲೇ ಫೋನಿನಲ್ಲಿದ್ದರೆ ಆಗುಂಬೆ ಘಾಟಿಯ ಮಧ್ಯದಲ್ಲೂ ದಾರಿ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದಾಗ ಉಪಗ್ರಹಗಳ ಪಥದ ಮಾಹಿತಿಯನ್ನೂ ಉಪಗ್ರಹದಿಂದಲೇ ಪಡೆಯಬೇಕಾದ್ದರಿಂದ ಮೊದಲ ಬಾರಿ ಸ್ಥಾನ ಹಿಡಿಯುವುದು ನಿಧಾನ. ಮನೆಯ ಅಂಗಳದಲ್ಲಿ, ಆಕಾಶ ಕಾಣುವ ಕಡೆ ಸ್ವಲ್ಪ ಹೊತ್ತು ನಿಂತು ಹೊರಟರೆ ತೊಂದರೆಯಿಲ್ಲ.

ಹಾಗಾದರೆ ಯಾವ ಉಪಕರಣ? ದೊಡ್ಡ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದರೆ ಕೂರಿಸುವ ಕೂಲಿಯೂ ಸೇರಿ ಹನ್ನೆರಡು ಸಾವಿರ ದಾಟುತ್ತಿತ್ತು, ಜೊತೆಗೆ ಡ್ಯಾಶ್‌ಬೋರ್ಡಿನ ಚೌಕಟ್ಟನ್ನು ಕೊಯ್ಯಬೇಕೆಂದರು. ಚಾರಣಿಗರು ಬಳಸುವ ಕೈ ಜಿಪಿಎಸ್ ಯಂತ್ರಗಳು ಗಟ್ಟಿಮುಟ್ಟಾಗಿರುತ್ತವೆ. ಆದರೆ ಪರದೆ ಅಂಗೈಗಿಂತ ಚಿಕ್ಕದು, ಬೆಲೆ ದೊಡ್ಡದು. ಹಳೆಯ ಮೊಬೈಲೊಂದನ್ನು ಇದಕ್ಕೆಂದೇ ಮೀಸಲಿಡುವುದು ಸರಿ ಅನ್ನಿಸಿತು. ಸ್ನ್ಯಾಪ್‌ಡ್ರ್ಯಾಗನ್ 720ಜಿ ಚಿಪ್ ಇರುವ ಫೋನನ್ನೇ ಹುಡುಕಿದೆ. 2020ರಲ್ಲಿ ಬಂದ ಈ ಚಿಪ್ಪಿನಲ್ಲಿ ಅಮೆರಿಕದ ಜಿಪಿಎಸ್ ಜೊತೆಗೆ ನಮ್ಮ ಇಸ್ರೊದ ನಾವಿಕ್ ಸಂಕೇತವನ್ನೂ ಹಿಡಿಯುವ ಸೌಲಭ್ಯವಿದೆ. ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ನೋಡಿದರೆ ಯಾವ ದೇಶದ ಯಾವ ಉಪಗ್ರಹ ಕಾಣುತ್ತಿದೆ ಎಂದು ಧ್ವಜದ ಸಮೇತ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ತ್ರಿವರ್ಣವನ್ನು ಮೊದಲು ಕಂಡಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಬಳಸಿದ ಫೋನ್ ಕೊಳ್ಳುವಾಗ ಕಾಗದಪತ್ರದ ವಿಷಯದಲ್ಲಿ ಸಂಕೋಚ ಪಡಬೇಡಿ. ಮೂಲ ಬಿಲ್ ಕೇಳಿ. *#06# ಒತ್ತಿ ಐಎಂಇಐ (ಫೋನಿನ ಗುರುತಿನ) ಸಂಖ್ಯೆ ನೋಡಿ, ಬಿಲ್ಲಿನಲ್ಲಿರುವ ಸಂಖ್ಯೆಯ ಜೊತೆ ತಾಳೆ ಹಾಕಿ. ಕೆವೈಎಂ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಕಪ್ಪುಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಇವೆಲ್ಲ ಸರಿಯಿದ್ದರೂ ನನಗೆ ಬೇರೊಂದು ಅಡ್ಡಿ ಎದುರಾಯಿತು. ಮಾರಿದವರು ತಮ್ಮ ಗೂಗಲ್ ಖಾತೆಯನ್ನು ತೆಗೆಯದೆ ಫೋನನ್ನು ರೀಸೆಟ್ ಮಾಡಿ ಕೊಟ್ಟಿದ್ದರು. ಮನೆಗೆ ತಂದು ಚಾಲೂ ಮಾಡಿದರೆ ಹಳೆಯ ಖಾತೆಯ ಗುಪ್ತಪದ ಕೇಳಿ ಅಲ್ಲಿಯೇ ನಿಂತಿತು. ಅವರು ಪರಸ್ಥಳಕ್ಕೆ ಹೋಗಿದ್ದರು. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ದಿನವೂ ಅದನ್ನು ನೋಡಿ ಕಸಿವಿಸಿ. ಕೊನೆಗೆ ಅವರು ಬಂದು ಖಾತೆ ಬಿಡಿಸಿಕೊಟ್ಟ ಮೇಲೆ ಕೆಲಸ ಮುಂದೆ ಸಾಗಿತು. ಹಣ ಕೊಡುವ ಮೊದಲೇ ನಿಮ್ಮ ಕಣ್ಣೆದುರಿಗೇ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆ ತೆಗೆಸಿ, ಆಮೇಲೆ ರೀಸೆಟ್ ಮಾಡಿಸಿ, ಹೊಸದಾಗಿ ಚಾಲೂ ಆಗುವುದನ್ನು ನೋಡಿಯೇ ತನ್ನಿ.

ಇನ್ನು ಕೂರಿಸುವ ಕೆಲಸ. ನಗರದ ಒಂದು ಎಕ್ಸೆಸರಿ ಅಂಗಡಿಗೆ ಕಾರು ಒಯ್ದೆ. ಅರ್ಧ ಗಂಟೆಯ ಕೆಲಸವೆಂದರು, ಕಾದದ್ದು ಮಧ್ಯಾಹ್ನದವರೆಗೆ. ಎಂಟುನೂರು ರೂಪಾಯಿ ತೆಗೆದುಕೊಂಡು, ಗಾಜಿಗೆ ರಬ್ಬರ್ ಬಟ್ಟಲಿನ ಹಿಡಿಕೆಯೊಂದನ್ನು ಅಂಟಿಸಿ, ಸ್ಟೀರಿಯೊದ ಹಿಂದಿನ ತಂತಿಗೆ ಚಾರ್ಜರನ್ನು ಜೋಡಿಸಿ ಕೊಟ್ಟರು. ಚೌಕಟ್ಟನ್ನು ಉಕ್ಕಿನ ಸ್ಕ್ರೂಡ್ರೈವರಿನಿಂದ ಮೀಟಿದ್ದರಿಂದ ಅದರ ಎರಡು ಕೊಕ್ಕೆಗಳು ಮುರಿದಿದ್ದವು. ಚೈತ್ರದ ಬಿಸಿಲಿಗೆ ರಬ್ಬರ್ ಬಟ್ಟಲು ಮೆತ್ತಗಾಗಿ ಹಿಡಿಕೆ ಮತ್ತೆ ಮತ್ತೆ ಕಳಚಿ ಬೀಳತೊಡಗಿತು. ತುಮಕೂರು ದಾಟುತ್ತಿದ್ದಾಗ ಒಮ್ಮೆ ಫೋನ್ ಕಳಚಿ ಕಾಲ ಬುಡಕ್ಕೆ, ಬ್ರೇಕ್ ಪೆಡಲಿನ ಹತ್ತಿರ ಹೋಗಿ ಬಿತ್ತು. ಎದೆ ಧಸಕ್ಕೆಂದಿತು. ಪಕ್ಕಕ್ಕೆ ಹಾಕಿ ನಿಲ್ಲಿಸಿ, ನೀರು ಕುಡಿದು ಮುಂದೆ ಹೋದೆವು. ಚಲಿಸುವ ಕಾರಿನಲ್ಲಿ ಸಡಿಲವಾಗಿರುವ ಯಾವ ವಸ್ತುವೂ ಪೆಡಲಿನ ಅಡಿಗೆ ಸಿಕ್ಕಬಹುದು. ಈ ಕಾರಣಕ್ಕಾಗಿಯೇ ನಾನು ಹಿಡಿಕೆಯ ವಿಷಯದಲ್ಲಿ ಇಷ್ಟು ಹಟ ಹಿಡಿದದ್ದು.

ಅದಾದ ಸ್ವಲ್ಪ ದಿನಕ್ಕೆ ಸ್ಟೀರಿಯೊ ಸತ್ತಿತು. ತೀರ್ಥಹಳ್ಳಿಯಲ್ಲಿ ಪರಿಚಯದ ಎಲೆಕ್ಟ್ರಿಷಿಯನ್ ಮೇಸ್ತ್ರಿಯವರಿಗೆ ತೋರಿಸಿದೆ. ಅವರು ಸ್ಟೀರಿಯೊ ಎಳೆದು ಹಿಂದಿನ ತಂತಿಗಳ ಗೊಂಚಲನ್ನು ಹೊರಗೆ ತೆಗೆದರು. ಅಂಗಡಿಯವರು ಮೂಲ ತಂತಿಯ ಹೊದಿಕೆಯನ್ನು ಬ್ಲೇಡಿನಿಂದ ಹೆರೆದು, ಚಾರ್ಜರಿನ ತಂತಿಯನ್ನು ಅದಕ್ಕೆ ಸುತ್ತಿ, ಮೇಲೆ ಕಪ್ಪು ಟೇಪ್ ಸುತ್ತಿದ್ದರು, ಅಷ್ಟೇ. ಬಿಸಿಗೆ ಟೇಪಿನ ಅಂಟು ಕರಗಿ ಜಾರಿತ್ತು. ಬರಿಯ ತಾಮ್ರ ಲೋಹದ ಚೌಕಟ್ಟಿಗೆ ತಾಗಿ ಫ್ಯೂಸ್ ಹೋಗಿತ್ತು. ಹೊಸದಾಗಿ ಎಳೆದ ತಂತಿಗೆ ಪ್ರತ್ಯೇಕ ಫ್ಯೂಸೇ ಇರಲಿಲ್ಲ. ಮೇಸ್ತ್ರಿಯವರು ಆ ಜೋಡಣೆಯನ್ನು ಬೆರಳಲ್ಲಿ ಎತ್ತಿ ತೋರಿಸಿ, “ಸಾರ್, ಫ್ಯೂಸು ಹೋಗಿದ್ದು ನಿಮ್ಮ ಪುಣ್ಯ. ಅದು ಹೋಗದಿದ್ದರೆ ತಂತಿ ಹೊತ್ತಿಕೊಳ್ಳುತ್ತಿತ್ತು” ಎಂದರು. ಎಲ್ಲವನ್ನೂ ಬಿಚ್ಚಿಸಿ, ಮೊದಲಿನಿಂದ ಮಾಡುವುದೆಂದು ಅಲ್ಲಿಯೇ ನಿಶ್ಚಯಿಸಿದೆ. ಅಂಗಡಿಯವರಿಗೆ ಫೋನ್ ಮಾಡಿದರೆ, ಕೆಲಸಕ್ಕೆ ಗ್ಯಾರಂಟಿ ಇಲ್ಲವೆಂಬ ಉತ್ತರ ಬಂತು.

ಬೇಕಾದ ಸಾಮಾನನ್ನು ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ಜೆ.ಸಿ. ರಸ್ತೆಯಿಂದ ತಂದೆ. ಎಲೆಕ್ಟ್ರಾನಿಕ್ ಬಿಡಿಭಾಗಕ್ಕೆ ಮೊದಲನೆಯದು, ಕಾರಿನ ಸಾಮಾನಿಗೆ ಎರಡನೆಯದು. ಎರಡೂ ನಡೆದು ಹೋಗುವಷ್ಟು ಹತ್ತಿರ. ಮುಖ್ಯವಾಗಿ ಬೇಕಾದದ್ದು ಎರಡು. ಒಂದು, 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ, 3 ಆಂಪಿಯರ್ ಕೊಡಬಲ್ಲ, ಲೋಹದ ಕವಚವಿರುವ ಕನ್ವರ್ಟರ್. ಕಾರಿನದು ಹೆಸರಿಗೆ 12 ವೋಲ್ಟ್. ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರುತ್ತದೆ, ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಕುಸಿಯುತ್ತದೆ. ಬರಿಯ ಸರ್ಕಿಟ್ ಬೋರ್ಡಿನ ರೂಪದಲ್ಲಿ ಸಿಗುವ ತೀರ ಅಗ್ಗದ ಕನ್ವರ್ಟರುಗಳನ್ನು ಈ ಏರಿಳಿತಕ್ಕೆ ಒಡ್ಡಬೇಡಿ. ಎರಡನೆಯದು ಫ್ಯೂಸ್ ಟ್ಯಾಪ್. ಕಾರಿನ ಫ್ಯೂಸ್ ಪೆಟ್ಟಿಗೆಯಿಂದ ಒಂದು ಫ್ಯೂಸ್ ಕಿತ್ತು ಆ ಜಾಗಕ್ಕೆ ಇದನ್ನು ಸಿಕ್ಕಿಸುವುದು. ಇದರಲ್ಲಿ ಎರಡು ಫ್ಯೂಸಿಗೆ ಜಾಗವಿದೆ. ಹಳೆಯದು ಹಳೆಯ ಕೆಲಸ ಮಾಡುತ್ತಿರುತ್ತದೆ, ಹೊಸದು ನಮ್ಮ ತಂತಿಯನ್ನು ಕಾಯುತ್ತದೆ. ಯಾವ ತಂತಿಯನ್ನೂ ಹೆರೆಯಬೇಕಿಲ್ಲ, ಬೇಡವೆನಿಸಿದ ದಿನ ಕಿತ್ತರೆ ಕಾರು ಮೊದಲಿನಂತೆಯೇ ಇರುತ್ತದೆ. ಫ್ಯೂಸ್ ಟ್ಯಾಪಿನಲ್ಲಿ ಅಳತೆಗಳಿವೆ. ನಿಮ್ಮ ಕಾರಿನದೊಂದು ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲೇ ಹೋಲಿಸಿ ನೋಡಿ.

ಮೇಸ್ತ್ರಿಯವರ ಜೊತೆ ಕುಳಿತು ಮಾಡಿದ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಭಾಗ. ನಮ್ಮ ಕಾರಿನ ಫ್ಯೂಸ್ ಪೆಟ್ಟಿಗೆ ಚಾಲಕರ ಕಡೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿದೆ. ಟಾರ್ಚ್ ಹಿಡಿದು ಅಂಗಾತ ಮಲಗಿಯೇ ನೋಡಬೇಕು. ಸಿಗರೇಟ್ ಲೈಟರಿನ ಫ್ಯೂಸ್ 15 ಆಂಪಿಯರಿನದು, ನೀಲಿ ಬಣ್ಣದ್ದು. ಅದನ್ನು ಕಿತ್ತು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಲೋಹದ ಭಾಗಕ್ಕೆ ತಾಗಿಸಿ, ಕೆಂಪು ಕಡ್ಡಿಯನ್ನು ಖಾಲಿಯಾದ ಎರಡು ಸೀಳುಗಳಿಗೆ ಒಂದೊಂದಾಗಿ ಇಳಿಸಿದರು. ಕೀಲಿಯನ್ನು ಎಸಿಸಿ ಗುರುತಿಗೆ, ಅಂದರೆ ಎಂಜಿನ್ ಓಡದೆ ರೇಡಿಯೊ, ಲೈಟರಿಗೆ ಮಾತ್ರ ಕರೆಂಟ್ ಬರುವ ಹಂತಕ್ಕೆ ತಿರುಗಿಸಿದಾಗ ಒಂದರಲ್ಲಿ ಮಾತ್ರ 12 ವೋಲ್ಟ್ ಬಂತು. ಕೀಲಿ ತೆಗೆದಾಗ ಅದೂ ಸೊನ್ನೆಯಾಯಿತು. ನಮಗೆ ಬೇಕಾದದ್ದು ಇದೇ. ಕೀಲಿ ತೆಗೆದ ಮೇಲೂ ಕರೆಂಟ್ ಇರುವ ಫ್ಯೂಸಿಗೆ ಜೋಡಿಸಿದರೆ ಕಾರು ನಿಂತಲ್ಲೇ ಬ್ಯಾಟರಿ ಸೋರುತ್ತಾ ಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಫ್ಯೂಸ್ ಟ್ಯಾಪಿನ ಎರಡು ಕಾಲುಗಳಲ್ಲಿ ಒಂದು ಎರಡೂ ಫ್ಯೂಸಿಗೆ ಸೇರಿದ್ದು. ಅದು ಕರೆಂಟ್ ಬರುವ ಸೀಳಿನಲ್ಲೇ ಕೂರಬೇಕು. ತಿರುಗಿಸಿ ಹಾಕಿದರೂ ಫೋನ್ ಚಾರ್ಜ್ ಆಗುತ್ತದೆ, ಆದರೆ ನಮ್ಮ ಹೊರೆಯೂ ಹಳೆಯ ಫ್ಯೂಸಿನ ಮೂಲಕವೇ ಹಾದು ಹೋಗುತ್ತದೆ. ಹೊಸ ಜಾಗಕ್ಕೆ ನೇರಳೆ ಬಣ್ಣದ 3 ಆಂಪಿಯರ್ ಫ್ಯೂಸ್ ಹಾಕಿದೆವು. ಫೋನ್ ಹೀರುವುದು ಹೆಚ್ಚೆಂದರೆ 10 ವ್ಯಾಟ್, ಅಂದರೆ 12 ವೋಲ್ಟಿನ ಕಡೆ ಒಂದು ಆಂಪಿಯರಿನ ಆಸುಪಾಸು. ಮೂರು ಧಾರಾಳವಾಯಿತು. ನೆಗೆಟಿವ್ ತಂತಿಯನ್ನು ಬಾಡಿಯ ಒಂದು ಬೋಲ್ಟಿಗೆ, ಬಣ್ಣವನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿದರು.

ಹೊಸ ಕಾರುಗಳವರಿಗೆ ಒಂದು ಎಚ್ಚರಿಕೆ. ಡ್ಯಾಶ್‌ಬೋರ್ಡಿನ ಒಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದರ ತಂಟೆಗೆ ಹೋಗಬೇಡಿ. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಅಥವಾ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಯಾವ ಹಿಡಿಕೆಯನ್ನೂ ಕೂರಿಸಬೇಡಿ. ವಾರಂಟಿ ಅವಧಿಯಲ್ಲಿರುವ ಕಾರಾದರೆ ವಾರಂಟಿ ಪುಸ್ತಕದಲ್ಲಿ ಹೊರಗಿನ ವೈರಿಂಗ್ ಬಗ್ಗೆ ಏನಿದೆ ಎಂದು ಓದಿಕೊಂಡೇ ಮುಂದುವರಿಯಿರಿ.

ಹಿಡಿಕೆಯ ಜಾಗವನ್ನು ಆರಿಸಲು ಬಹಳ ಯೋಚಿಸಿದೆ. ಗಾಜಿನ ಮೇಲಿದ್ದರೆ ರಸ್ತೆ ಮರೆಯಾಗುತ್ತದೆ, ಮೇಲಾಗಿ ಬಿಸಿಲು ನೇರವಾಗಿ ಬೀಳುತ್ತದೆ. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ಸುಮಾರು 45 ಡಿಗ್ರಿ ದಾಟಿದರೆ ಎಷ್ಟೋ ಫೋನುಗಳು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತವೆ. ಎ.ಸಿ. ಕಿಂಡಿಯ ಮುಂದೆ ಕೂರಿಸಿದರೆ ತಣ್ಣನೆಯ ಗಾಳಿ ಫೋನಿನ ಬೆನ್ನಿಗೆ ಬೀಸುತ್ತಿರುತ್ತದೆ. ಆದರೆ ಕಿಂಡಿಯ ರೆಕ್ಕೆಗೆ ಸಿಕ್ಕಿಸುವ ಹಿಡಿಕೆ ಭಾರಕ್ಕೆ ರೆಕ್ಕೆಯನ್ನೇ ಮುರಿಯುತ್ತದೆ. ಮೇಸ್ತ್ರಿಯವರು ಹೇಳಿದ ಉಪಾಯ ಹೀಗಿತ್ತು: ಸ್ಟೀರಿಯೊವನ್ನು ಹಿಡಿದಿರುವ ಸ್ಕ್ರೂಗಳ ಅಡಿಗೆ ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಸಿಕ್ಕಿಸಿ, ಚೌಕಟ್ಟಿನ ಸಂದಿಯಿಂದ ಹೊರಗೆ ತಂದು, ಮೇಲಕ್ಕೆ ಬಗ್ಗಿಸಿ, ತುದಿಗೆ ಹಿಡಿಕೆಯ ತಲೆಯನ್ನು ಬಿಗಿಯುವುದು. ಪಟ್ಟಿ ಗುಜರಿಯಲ್ಲಿ ಸಿಕ್ಕಿತು. ವೈಸಿನಲ್ಲಿ ಹಿಡಿದು ಬಗ್ಗಿಸಿ, ಅಂಚನ್ನು ಅರದಿಂದ ಉಜ್ಜಿ, ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದ ಮೇಲೆ ಅದು ಕಾರಿನ ಜೊತೆಗೇ ಬಂದ ಭಾಗದಂತೆ ಕಾಣಿಸಿತು. ಈ ಬಾರಿ ಚೌಕಟ್ಟನ್ನು ಬಿಚ್ಚಿದ್ದು ಪ್ಲಾಸ್ಟಿಕ್ ಮೀಟುಗೋಲಿನಿಂದ. ಒಂದು ಕೊಕ್ಕೆಯೂ ಮುರಿಯಲಿಲ್ಲ. ಹಿಂದೆ ಮುರಿದಿದ್ದ ಕೊಕ್ಕೆಗಳ ಜಾಗಕ್ಕೆ ತೆಳ್ಳನೆಯ ಫೋಮ್ ಟೇಪ್ ಇಟ್ಟು ಸದ್ದಾಗದಂತೆ ಮಾಡಿದೆವು. ಆಯಸ್ಕಾಂತದ ಹಿಡಿಕೆಯನ್ನು ಬೇಕೆಂದೇ ತೆಗೆದುಕೊಳ್ಳಲಿಲ್ಲ. ಅದು ಫೋನಿನೊಳಗಿನ ದಿಕ್ಸೂಚಿಯನ್ನು ಕೆಡಿಸುತ್ತದೆ. ಕಾರು ನಿಂತಾಗ ನಕ್ಷೆ ಗರಗರ ತಿರುಗತೊಡಗುತ್ತದೆ.

ಎಲ್ಲ ಮುಗಿಯಿತು ಎಂದುಕೊಂಡು ಬೆಂಗಳೂರಿಗೆ ಹೊರಟರೆ, ಅರಸೀಕೆರೆ ತಲುಪುವುದರೊಳಗೆ ಫೋನಿನ ಚಾರ್ಜ್ ಹೊರಟಾಗಿನದಕ್ಕಿಂತ ಕಡಿಮೆಯಾಗಿತ್ತು. ಚಾರ್ಜ್ ಆಗುತ್ತಿದೆಯೆಂಬ ಗುರುತು ತೋರಿಸುತ್ತಲೇ ಇಳಿಯುತ್ತಿತ್ತು. ನನಗೆ ನಿಜವಾಗಿಯೂ ಬೇಸರ ಬಂದ ಗಳಿಗೆ ಅದು. ಕಾರಣ ಆಮೇಲೆ ತಿಳಿಯಿತು. ಕನ್ವರ್ಟರನ್ನು ಫ್ಯೂಸ್ ಪೆಟ್ಟಿಗೆಯ ಹತ್ತಿರ ಇಟ್ಟು, ಅಲ್ಲಿಂದ ಎರಡು ಮೀಟರ್ ಉದ್ದದ ತೆಳ್ಳನೆಯ ಯುಎಸ್‌ಬಿ ಕೇಬಲ್ ಎಳೆದಿದ್ದೆವು. ಕೇಬಲಿನೊಳಗಿನ ತಂತಿ 28 ಗೇಜಿನದು. ಇಂಥ ತಂತಿಗೆ ಮೀಟರಿಗೆ 0.21 ಓಮ್ ರೋಧವಿದೆ. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರಿಗೆ ಸುಮಾರು 0.85 ಓಮ್. ಒಂದು ಆಂಪಿಯರ್ ಹರಿದರೆ ತಂತಿಯಲ್ಲೇ 0.85 ವೋಲ್ಟ್ ಕಳೆದುಹೋಗಿ, 5 ವೋಲ್ಟ್ ಹೊರಟದ್ದು ಫೋನ್ ತಲುಪುವಾಗ 4.15 ಆಗಿರುತ್ತದೆ. ಅಷ್ಟು ಪರದೆಯ ಬೆಳಕಿಗೂ ಸಾಲುವುದಿಲ್ಲ. 12 ವೋಲ್ಟಿನ ತಂತಿಯನ್ನು ಉದ್ದಕ್ಕೆ ಎಳೆದು, ಕನ್ವರ್ಟರನ್ನು ಸ್ಟೀರಿಯೊದ ಹಿಂದೆ ತಂದು, ಅಲ್ಲಿಂದ ಫೋನಿಗೆ ಗಿಡ್ಡನೆಯ ದಪ್ಪ ಕೇಬಲ್ ಹಾಕಿದೆ. ಅಂದಿನಿಂದ ಪರದೆ ಪೂರ್ಣ ಬೆಳಕಿನಲ್ಲಿದ್ದರೂ ಚಾರ್ಜ್ ಏರುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ನಿಮಗೆ ಡ್ಯಾಶ್‌ಬೋರ್ಡನ್ನು ಮತ್ತೊಮ್ಮೆ ಬಿಚ್ಚುವ ಶ್ರಮ ಉಳಿಯುತ್ತದೆ.

ಕನ್ವರ್ಟರ್ ರೇಡಿಯೊ ಬಳಿ ಬಂದ ಮೇಲೆ ಇನ್ನೊಂದು ತಕರಾರು ಹುಟ್ಟಿತು. ಭದ್ರಾವತಿ ಆಕಾಶವಾಣಿ ಕೇಳುವಾಗ ಹಿಂದಿನಿಂದ ಸುಂಯ್ ಎಂಬ ಸದ್ದು. ಕೇಬಲಿನ ಎರಡೂ ತುದಿಗೆ ಫೆರೈಟ್ ಮಣಿ (ಇಂಥ ಸದ್ದನ್ನು ತಡೆಯುವ ಪುಟ್ಟ ಬಿಲ್ಲೆ) ಕಚ್ಚಿಸಿದ್ದರಿಂದ ಕಿವಿಗೆ ಬೀಳದಷ್ಟು ಇಳಿಯಿತು. ತಂತಿಗಳಿಗೆಲ್ಲ ಬಟ್ಟೆಯ ಟೇಪ್ ಸುತ್ತಿ, ಜೋಡಣೆಗಳಿಗೆ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದ್ದೇವೆ. ಕಪ್ಪು ಟೇಪ್ ಎಲ್ಲಿಯೂ ಇಲ್ಲ. ಸ್ಟಿಯರಿಂಗ್ ಕಂಬ ಮತ್ತು ಪೆಡಲುಗಳ ಹತ್ತಿರ ತಂತಿ ಸುಳಿಯದಂತೆ ಮೂಲ ಗೊಂಚಲಿಗೇ ಟೈ ಹಾಕಿ ಕಟ್ಟಿದ್ದೇವೆ.

ನಕ್ಷೆಗೆ ಓಎಸ್‌ಎಂಆ್ಯಂಡ್ ಮತ್ತು ಆರ್ಗ್ಯಾನಿಕ್ ಮ್ಯಾಪ್ಸ್ ಎರಡನ್ನೂ ಹಾಕಿದ್ದೇನೆ. ಎರಡಕ್ಕೂ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, 2004ರಲ್ಲಿ ಶುರುವಾದ, ಜನರೇ ಬಿಡಿಸುವ ಜಾಗತಿಕ ನಕ್ಷೆ. ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ಆಯಿತು. ಫೋನಿನ ಸೆಟ್ಟಿಂಗ್ಸ್‌ನ ಡೆವಲಪರ್ ಆಯ್ಕೆಗಳಲ್ಲಿ, ಚಾರ್ಜ್ ಆಗುತ್ತಿರುವಾಗ ಪರದೆ ಆರದಿರಲಿ ಎಂಬುದನ್ನು ಒತ್ತಿಟ್ಟಿದ್ದೇನೆ. ಕರೆಂಟ್ ಬಂದ ಕೂಡಲೇ ನಕ್ಷೆ ತೆರೆಯುವಂತೆ, ಹೋದ ಮೇಲೆ ಪರದೆ ಆರುವಂತೆ ಮ್ಯಾಕ್ರೊಡ್ರಾಯ್ಡ್ ಎಂಬ ಆ್ಯಪ್ ನೋಡಿಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣಕ್ಕೆ ಎಸಿಸಿ ಕರೆಂಟ್ ಕಡಿದು ಮತ್ತೆ ಬರುವುದರಿಂದ, ಆರಿಸುವ ಮೊದಲು ಅರ್ಧ ನಿಮಿಷ ಕಾಯುವಂತೆ ಹೇಳಿಟ್ಟಿರಿ. ವಾಹನ ದಟ್ಟಣೆಯ ಮಾಹಿತಿ ಈ ನಕ್ಷೆಗಳಲ್ಲಿ ಬರುವುದಿಲ್ಲ. ಬೆಂಗಳೂರಿನೊಳಗೆ ಅದು ಕೊರತೆಯೇ. ಅಲ್ಲಿ ನನ್ನ ನಿತ್ಯದ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಗೂಗಲ್ ನಕ್ಷೆ ತೆರೆಯುತ್ತೇನೆ.

ದೊಡ್ಡಪ್ಪನ ಮನೆಗೆ ಹೋಗುವ ಕಚ್ಚಾ ರಸ್ತೆ ನಕ್ಷೆಯಲ್ಲಿ ಇರಲೇ ಇಲ್ಲ. ಬಾಣದ ಗುರುತು ಹಸಿರು ಕಾಡಿನ ಮಧ್ಯೆ ತೇಲುತ್ತಿತ್ತು. ಕಾರಿನಲ್ಲೇ ಆ ದಾರಿಯ ಜಾಡನ್ನು ದಾಖಲಿಸಿಕೊಂಡು, ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಖಾತೆ ತೆರೆದು, ಜಾಡಿನ ಮೇಲೆಯೇ ರಸ್ತೆ ಎಳೆದೆ. ಊರಿನ ಹೆಸರನ್ನು ಕನ್ನಡದಲ್ಲೂ ಬರೆದೆ. ಮರಗಳ ದಟ್ಟಣೆಯಲ್ಲಿ ಜಾಡು ಆಚೀಚೆ ಸರಿಯುತ್ತದೆ. ಹೋಗುವಾಗಲೂ ಬರುವಾಗಲೂ ದಾಖಲಿಸಿ ನಡುವಿನ ಗೆರೆ ಹಿಡಿಯುವುದು ಒಳ್ಳೆಯದು. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಅದಕ್ಕೆ ಅನುಮತಿಯಿಲ್ಲ. ಓಎಸ್‌ಎಂಆ್ಯಂಡಿನ ಮುಂದಿನ ತಿಂಗಳ ನಕ್ಷೆಯಲ್ಲಿ ಆ ರಸ್ತೆ ಬಂತು. ದೊಡ್ಡಮ್ಮನಿಗೆ ಪರದೆಯಲ್ಲಿ ತಮ್ಮೂರಿನ ಹೆಸರು ತೋರಿಸಿದೆ. “ಇನ್ನು ಗ್ಯಾಸಿನವನಿಗೂ ದಾರಿ ಹೇಳಬೇಕಿಲ್ಲವಲ್ಲ ಹಾಗಾದರೆ” ಎಂದರು. ಅದು ಬೇರೆ ನಕ್ಷೆಯೆಂದು ವಿವರಿಸಲು ಮನಸ್ಸಾಗಲಿಲ್ಲ.

ಪೊಲೀಸರು ಹಿಡಿಯುತ್ತಾರೆಯೇ ಎಂದು ಅನೇಕರು ಕೇಳಿದ್ದಾರೆ. ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಲ್ಲಿದೆ. ಆದ್ದರಿಂದ ಈ ಫೋನಿನಲ್ಲಿ ಸಿಮ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ, ವಿಡಿಯೊ ಇಲ್ಲ. ಎಲ್ಲಿಗೆ ಹೋಗಬೇಕೆಂಬುದನ್ನು ಹೊರಡುವ ಮೊದಲೇ ಬರೆದಿಡುತ್ತೇನೆ.

ಖರ್ಚು ಹೀಗಾಯಿತು: ಫೋನ್ 4,500 ರೂಪಾಯಿ, ಕನ್ವರ್ಟರ್ 450, ಹಿಡಿಕೆಯ ತಲೆ 350, ಕೇಬಲ್ 250, ತಂತಿ ಟೇಪು ಕೊಳವೆ ಎಲ್ಲ ಸೇರಿ 200, ಫ್ಯೂಸ್ ಟ್ಯಾಪ್ 120, ಫೆರೈಟ್ ಮಣಿ 60. ಮೇಸ್ತ್ರಿಯವರು ಕೂಲಿ ಬೇಡವೆಂದರೂ 500 ಕೊಟ್ಟೆ. ಒಟ್ಟು 6,430, ಮನೆಯಲ್ಲೇ ಹಳೆಯ ಫೋನ್ ಇದ್ದವರಿಗೆ 1,930ರಲ್ಲಿ ಮುಗಿಯುತ್ತದೆ. ಮೊದಲ ಅಂಗಡಿಗೆ ತೆತ್ತ 800 ಇದರಲ್ಲಿ ಸೇರಿಲ್ಲ.

ಬಿಸಿಲಲ್ಲಿ ನಿಲ್ಲಿಸುವಾಗ ಫೋನನ್ನು ಹಿಡಿಕೆಯಿಂದ ತೆಗೆದು ಗ್ಲೋವ್ ಬಾಕ್ಸಿನಲ್ಲಿಡಿ. ಆಗಾಗ ಅದರ ಬೆನ್ನನ್ನು ಸವರಿ ನೋಡಿ. ಸ್ವಲ್ಪ ಉಬ್ಬಿದಂತೆ ಕಂಡರೂ ಆ ಬ್ಯಾಟರಿಯನ್ನು ಮತ್ತೆ ಬಳಸಬೇಡಿ. ಚಳಿಗಾಲದಲ್ಲಿ ಹೀಟರ್ ಹಾಕುವ ಮೊದಲು ಫೋನಿನ ಹಿಂದಿನ ಕಿಂಡಿಯನ್ನು ಮುಚ್ಚಿ. ಕಾರನ್ನು ಸರ್ವಿಸಿಗೆ ಬಿಡುವಾಗ ಫ್ಯೂಸ್ ಟ್ಯಾಪ್ ಕಿತ್ತು, ಹಳೆಯ ನೀಲಿ ಫ್ಯೂಸನ್ನು ಅದರ ಜಾಗಕ್ಕೆ ಸಿಕ್ಕಿಸಿ ಕೊಡಿ. ಮನೆಗೆ ಬಂದ ಮೇಲೆ ಮತ್ತೆ ಹಾಕಿಕೊಳ್ಳಲು ಐದು ನಿಮಿಷ ಸಾಕು.